ಧಾರಾವಾಹಿ ಹೇಳದೆ ಬಿಟ್ಟ ಕತೆ: ಅಭಿಮಾನಿಗಳು ಬರೆಯುವ ಬಗೆ

2024ರಲ್ಲಿ ಜೀ ಕನ್ನಡದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಸ್ನೇಹಾಳ ಪಾತ್ರ ಸತ್ತಾಗ ಅಳ್ನಾವರದ ನಮ್ಮ ಓಣಿಯಲ್ಲಿ ಬೇರೆ ಮಾತೇ ಇರಲಿಲ್ಲ. ಕಟ್ಟೆಯ ಮೇಲೆ ಕೂತವರು, ನಳದ ಹತ್ತಿರ ಕೊಡ ಹಿಡಿದು ನಿಂತವರು, ಎಲ್ಲರೂ ಒಂದೊಂದು ಕತೆ ಕಟ್ಟಿದರು. "ಆಕಿ ಸತ್ತಿಲ್ರೀ, ಎಲ್ಲೋ ಬ್ಯಾರೆ ಆಸ್ಪತ್ರ್ಯಾಗ ಅದಾಳ" ಅಂದರು ಒಬ್ಬರು. "ತಾಯಿಗೆ ಇಂಥಾ ಸುದ್ದಿ ಹಿಂಗ ಹೇಳಬಾರದಿತ್ತು, ನಾ ಆಗಿದ್ರ ಬ್ಯಾರೆನೇ ಹೇಳ್ತಿದ್ದೆ" ಅಂದರು ಇನ್ನೊಬ್ಬರು. ಹೀಗೆ ಆಡಿದ ಮಾತನ್ನು ಕಾಗದಕ್ಕೆ ಇಳಿಸಿ ಮೊದಲು, ನಡು, ಕೊನೆ ಅಂತ ಜೋಡಿಸಿದರೆ ಅದು ಫ್ಯಾನ್ ಫಿಕ್ಷನ್ ಆಗುತ್ತದೆ. ಮೆಚ್ಚಿದ ಧಾರಾವಾಹಿಯ ಪಾತ್ರಗಳನ್ನೇ ಇಟ್ಟುಕೊಂಡು ಅಭಿಮಾನಿ ಬರೆಯುವ ಹೊಸ ಕತೆ ಅದು.

ಅಮೆರಿಕದಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿ 1966ರಿಂದ 1969ರವರೆಗೆ ಬಂತು. ಅದು ಇನ್ನೂ ನಡೆಯುತ್ತಿದ್ದಾಗಲೇ, 1967ರಲ್ಲಿ, ಅಭಿಮಾನಿಗಳು ಇಂಥ ಕತೆಗಳಿದ್ದ 'ಸ್ಪಾಕನೇಲಿಯಾ' ಎಂಬ ಪತ್ರಿಕೆಯನ್ನು ತಾವೇ ಅಚ್ಚುಹಾಕಿ ಹಂಚಿದರು. ಇಂದು ಇಂಥ ಕತೆಗಳಿಗೇ ಮೀಸಲಾದ 'ಆರ್ಕೈವ್ ಆಫ್ ಅವರ್ ಓನ್' ಎಂಬ ಅಂತರ್ಜಾಲ ಭಂಡಾರವಿದೆ. 2019ರಲ್ಲಿ ವೈಜ್ಞಾನಿಕ ಕಥಾಲೋಕದ ದೊಡ್ಡ ಗೌರವವಾದ ಹ್ಯೂಗೊ ಪ್ರಶಸ್ತಿ ಆ ಭಂಡಾರಕ್ಕೇ ಬಂತು. ಕನ್ನಡದಲ್ಲಿ ಈ ಹವ್ಯಾಸ ಬಹುಪಾಲು ಬಾಯಿಮಾತಿನಲ್ಲೇ ಉಳಿದಿದೆ. ಬರೆದು ನೋಡಬೇಕು ಎನ್ನುವವರಿಗೆ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ನಾನು ಬರೆಯುವುದು 'ಮಾಲ್ಗುಡಿ ಡೇಸ್' ಸುತ್ತ. ಆರ್.ಕೆ. ನಾರಾಯಣ್ ಅವರ ಕತೆಗಳನ್ನು ಶಂಕರ್ ನಾಗ್ 1986ರಲ್ಲಿ ದೂರದರ್ಶನಕ್ಕೆ ತಂದರು. ಆಗುಂಬೆಯೇ ಮಾಲ್ಗುಡಿಯಾಯಿತು. ಆರ್.ಕೆ. ಲಕ್ಷ್ಮಣ್ ಗೆರೆಗಳು, ಎಲ್. ವೈದ್ಯನಾಥನ್ ರಾಗ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್. ಹಿಂದಿಯಲ್ಲಿ ಬಂದ ಧಾರಾವಾಹಿಯಾದರೂ ನಮಗೆಲ್ಲ ಅದು ಮನೆಯದೇ. 2020ರ ಲಾಕ್‌ಡೌನ್‌ನಲ್ಲಿ ಕನ್ನಡದ ಮಾತು ಜೋಡಿಸಿಕೊಂಡು ಜೀ ಕನ್ನಡದಲ್ಲಿ ಬಂದಾಗ ಹೊಸ ತಲೆಮಾರೂ ನೋಡಿತು. ಅದರ ಸ್ಟೇಷನ್ ದೃಶ್ಯಗಳು ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ ಚಿತ್ರೀಕರಣವಾದವು, ಈಗ ಅಲ್ಲೊಂದು ಮಾಲ್ಗುಡಿ ಮ್ಯೂಸಿಯಂ ಇದೆ. ಅಳ್ನಾವರದವರಿಗೆ ಆ ಸ್ಟೇಷನ್ ನೋಡಿದರೆ ನಮ್ಮ ಜಂಕ್ಷನ್ನೇ ನೆನಪಾಗುವುದು ಸಹಜ. ನನಗಂತೂ ಕತೆ ಹುಟ್ಟಿದ್ದು ಅಲ್ಲಿಂದಲೇ.

ಯಾವುದನ್ನು ಹಿಡಿಯಬೇಕು?

ಮೊದಲ ಸಲ ಬರೆಯುವವರು ಮುಗಿದ ಧಾರಾವಾಹಿಯನ್ನು ಆರಿಸಿಕೊಳ್ಳಲಿ ಎಂಬುದು ನನ್ನ ಸಲಹೆ. ದಿನಾ ಬರುವ ಧಾರಾವಾಹಿಯಲ್ಲಿ ಪಾತ್ರದ ಸ್ವಭಾವವೇ ತಿಂಗಳಿಗೊಮ್ಮೆ ತಿರುಗುತ್ತದೆ. ನಿನ್ನೆ ವಿಷ ಹಾಕಿದವಳು ಇಂದು ಆರತಿ ಎತ್ತುತ್ತಾಳೆ. ನಟರು ಬದಲಾಗುತ್ತಾರೆ, ಟಿಆರ್‌ಪಿ ನೋಡಿಕೊಂಡು ಕತೆ ಹಾದಿ ಬದಲಿಸುತ್ತದೆ. ನೀವು ಕಷ್ಟಪಟ್ಟು ಕಟ್ಟಿದ ಊಹೆಯನ್ನು ನಾಳೆಯ ಕಂತು ಸುಳ್ಳುಮಾಡಬಹುದು. ಮುಗಿದದ್ದರ ನೆಲ ಗಟ್ಟಿ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ನಿರ್ದೇಶಿಸಿದ 'ಮಾಯಾಮೃಗ' 1998ರಲ್ಲಿ ಚಂದನದಲ್ಲಿ ಬಂದದ್ದು. ಅದನ್ನು ಮರೆಯದ ವೀಕ್ಷಕರಿಗಾಗಿ 2022ರಲ್ಲಿ ಸಿರಿ ಕನ್ನಡದಲ್ಲಿ 'ಮತ್ತೆ ಮಾಯಾಮೃಗ' ಬಂತು. ಪಾತ್ರಗಳು ಸಾಚಾ ಆಗಿದ್ದರೆ ಇಪ್ಪತ್ತು ವರ್ಷ ಕಳೆದರೂ "ಮುಂದೇನಾಯಿತು?" ಎಂದು ಜನ ಕೇಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೊಂದು ಮಾತು. ಬಿಡಿ ಬಿಡಿ ಕಂತುಗಳ ಧಾರಾವಾಹಿ ಸಿಕ್ಕರೆ ಇನ್ನೂ ಒಳ್ಳೆಯದು. 'ಮಾಲ್ಗುಡಿ ಡೇಸ್'ನ ಒಂದು ಕಂತನ್ನು ಅರ್ಧ ತಾಸಿನೊಳಗೆ ನೋಡಿ ಮುಗಿಸಬಹುದು, ಅದೇ ಸಂಜೆ ಮತ್ತೊಮ್ಮೆ ನೋಡಬಹುದು. ಸಾವಿರ ಕಂತುಗಳ ಸಾಗರದಲ್ಲಿ ಇಳಿದರೆ ಯಾರು ಯಾರಿಗೆ ಏನು ಎಂದು ಹುಡುಕುವುದರಲ್ಲೇ ಹುರುಪು ಇಂಗಿಹೋಗುತ್ತದೆ.

ಸಂದು ಎಲ್ಲಿದೆ?

ಈ ಹವ್ಯಾಸದ ಜೀವಾಳ ಇಲ್ಲಿದೆ, ಹಾಗಾಗಿ ತುಸು ನಿಂತು ಹೇಳುತ್ತೇನೆ. ಹೊಸಬರು ಸಾಮಾನ್ಯವಾಗಿ ಧಾರಾವಾಹಿ ತೋರಿಸಿದ್ದನ್ನೇ ತಿದ್ದಲು ಹೊರಡುತ್ತಾರೆ. ಸತ್ತವರನ್ನು ಬದುಕಿಸುತ್ತಾರೆ, ಬೇರೆಯಾದವರನ್ನು ಒಂದುಮಾಡುತ್ತಾರೆ. ಮನಸ್ಸಿಗೆ ಸಮಾಧಾನ ಸಿಗುವುದು ನಿಜ. ಆದರೆ ಕತೆ ಹೆಚ್ಚು ದಿನ ಬಾಳುವುದು ಧಾರಾವಾಹಿ ತೋರಿಸದೆ ಬಿಟ್ಟ ಸಂದಿನಲ್ಲಿ ಹುಟ್ಟಿದಾಗ. ಎರಡು ದೃಶ್ಯಗಳ ನಡುವೆ ಒಬ್ಬರು ಏನು ಮಾಡುತ್ತಿದ್ದರು? ಬಾಗಿಲ ಹಿಂದೆ ನಿಂತವಳಿಗೆ ಆ ಮಾತು ಕೇಳಿಸಿತೇ? ದೊಡ್ಡವರು ಜಗಳವಾಡುವಾಗ ಮಗು ಎಲ್ಲಿತ್ತು?

ಟಪಾಲು ತರುವ ತಾನಪ್ಪನ ಕತೆ ನೋಡಿ. ನಾರಾಯಣ್ ಅವರ 'ದಿ ಮಿಸ್ಸಿಂಗ್ ಮೇಲ್' ಇದರ ಮೂಲ. ತಾನಪ್ಪನಿಗೆ ತನ್ನ ಬೀಟಿನ ಪ್ರತಿ ಮನೆಯ ಸುಖದುಃಖ ಗೊತ್ತು. ರಾಮಾನುಜಂ ಅವರ ಮಗಳು ಕಾಮಾಕ್ಷಿಗೆ ಗಂಡು ಹುಡುಕುವುದರಲ್ಲೂ ಅವನ ಮಾತಿದೆ. ಕೊನೆಗೂ ಸಂಬಂಧ ಕುದುರುತ್ತದೆ. ನಿಶ್ಚಯವಾದ ಮುಹೂರ್ತ ತಪ್ಪಿದರೆ ಮದುವೆಯೇ ಕೈತಪ್ಪುವ ಪರಿಸ್ಥಿತಿ. ಸರಿಯಾಗಿ ಆ ಹೊತ್ತಿಗೆ ಸೇಲಂನಲ್ಲಿರುವ ಹತ್ತಿರದ ಹಿರಿಯ ಬಂಧುವಿಗೆ ಕಾಯಿಲೆ ಜೋರಾಗಿದೆ ಎಂಬ ಕಾರ್ಡು, ಅದರ ಬೆನ್ನಿಗೇ ಸಾವಿನ ತಂತಿ. ತಾನಪ್ಪ ಎರಡನ್ನೂ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಮದುವೆ ಸಾಂಗವಾಗಿ ಮುಗಿದ ಮೇಲೆ ತಂದು ಕೊಡುತ್ತಾನೆ, ಬೇಕಾದರೆ ದೂರು ಕೊಡಿ ಎನ್ನುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ. ಹೀಗೆ ಮಾಡಬಾರದಿತ್ತು ಎಂಬ ನೋವು ಮಾತ್ರ ಅವರಲ್ಲಿ ಉಳಿಯುತ್ತದೆ.

ಈಗ ಸಂದು ಹುಡುಕಿ. ತಾನಪ್ಪನ ಮನಸ್ಸು ನಮಗೆ ಗೊತ್ತಾಯಿತು, ರಾಮಾನುಜಂ ಅವರದೂ ಗೊತ್ತಾಯಿತು. ಯಾರ ಮದುವೆಗಾಗಿ ಇಷ್ಟೆಲ್ಲ ನಡೆಯಿತೋ ಆ ಕಾಮಾಕ್ಷಿಗೆ ಇದು ತಿಳಿಯಿತೇ? ಯಾವಾಗ? ತಿಳಿದ ದಿನ ಅವಳಿಗೆ ಏನನಿಸಿತು? ಸೂತಕದ ಮನೆಯಲ್ಲಿ ತಾನು ಅರಿಶಿನ ಹಚ್ಚಿಸಿಕೊಂಡು ಕೂತಿದ್ದೆ ಎಂಬ ಸಂಕಟ ಅವಳದು. ತಾನಪ್ಪ ಹಾಗೆ ಮಾಡದಿದ್ದರೆ ತಾನು ಇಂದು ಎಲ್ಲಿರುತ್ತಿದ್ದೆ ಎಂಬ ಅರಿವೂ ಅವಳದೇ. ಎರಡೂ ಒಟ್ಟಿಗೇ ಇರಬೇಕಾದ ಜಾಗ ಅದು. ಮೂಲದ ಒಂದು ಅಕ್ಷರವನ್ನೂ ತಿದ್ದದೆ, ಅದರ ಪಕ್ಕದಲ್ಲೇ ಪೂರಾ ಹೊಸ ಕತೆಗೆ ಎಡೆ ಸಿಕ್ಕಿತು.

ನಾನು ಬರೆದ ಕತೆಯಲ್ಲಿ ಕಾಮಾಕ್ಷಿ ಮೊದಲ ದೀಪಾವಳಿಗೆ ದಿಲ್ಲಿಯ ಗಂಡನ ಮನೆಯಿಂದ ತವರಿಗೆ ಬರುತ್ತಾಳೆ. ಅಪ್ಪನ ಕಪಾಟಿನಲ್ಲಿ ಅಂಚೆಚೀಟಿ ಹುಡುಕುವಾಗ ಆ ಕಾರ್ಡು ಕೈಗೆ ಸಿಗುತ್ತದೆ. ಅಂಚೆಯ ಮುದ್ರೆಯಲ್ಲಿ ದಿನಾಂಕ ಇದೆ. ಅಷ್ಟರಲ್ಲಿ ಬಾಗಿಲಲ್ಲಿ ತಾನಪ್ಪನ ದನಿ. ಇಂಥ ಕಡೆ ಮೊದಲ ಕರಡಿನಲ್ಲಿ ಎಲ್ಲರ ಕೈಯಿಂದಲೂ ಬರುವುದು ಇಂಥ ಮಾತು:

"ಕಾಕಾ, ನನ್ನ ಸಲುವಾಗಿ ನೌಕರಿನೇ ಪಣಕ್ಕಿಟ್ರಲ್ಲ! ನಿಮ್ಮ ಋಣಾ ನಾ ಹ್ಯಾಂಗ ತೀರಸ್ಲಿ?"

ಇದರಲ್ಲಿ ಓದುಗನಿಗೆ ಮಾಡಲು ಏನೂ ಉಳಿದಿಲ್ಲ. ಎಲ್ಲವನ್ನೂ ಪಾತ್ರವೇ ಹೇಳಿಬಿಟ್ಟಿದೆ. ಮಾಲ್ಗುಡಿಯ ಜನ ಹೀಗೆ ಮಾತಾಡುವವರೂ ಅಲ್ಲ. ಕೊನೆಗೆ ಅದು ಹೀಗೆ ಬಂತು:

ಕಾಮಾಕ್ಷಿ ಬಾಗಿಲಿಗೆ ಬಂದಳು. ತಾನಪ್ಪ ಚೀಲದೊಳಗೆ ಕೈಹಾಕಿ ಕಾಗದ ಹುಡುಕತೊಡಗಿದ.
"ದಿಲ್ಲ್ಯಾಗ ಟಪಾಲು ವೇಳೇಕ್ಕ ಬರ್ತದೇನವಾ?"
"ಬರ್ತದ ಕಾಕಾ. ಬಂದದ್ದು ಬಂದಂಗ ಬಾಗಲಾಗ ಒಗದು ಹೋಗ್ತಾನ."
"ಒಳ್ಳೇದಾತು ಬಿಡು."
"ಅಲ್ಲಿ ಪೋಸ್ಟ್‌ಮ್ಯಾನ್‌ಗ ನಾವು ಯಾರಂತ ಗೊತ್ತಿಲ್ಲ ಕಾಕಾ."
ತಾನಪ್ಪ ಚೀಲದ ಬಾಯಿ ಕಟ್ಟಿದ.

ಕಾರ್ಡಿನ ಮಾತು ಬರಲೇ ಇಲ್ಲ. ಅವಳಿಗೆ ಗೊತ್ತಾಗಿದೆ ಎಂದು ತಾನಪ್ಪನಿಗೆ ತಿಳಿಯಿತು. ಮೂಲದ ಕತೆ ನೋಡಿದವರಿಗೆ ಇದು ತಕ್ಷಣ ತಟ್ಟುತ್ತದೆ, ಏಕೆಂದರೆ ಹಿಂದಿನದೆಲ್ಲ ಅವರ ಮನಸ್ಸಿನಲ್ಲಿ ಆಗಲೇ ಇದೆ. ಫ್ಯಾನ್ ಫಿಕ್ಷನ್ ಬರೆಯುವವರಿಗೆ ಸಿಗುವ ದೊಡ್ಡ ಅನುಕೂಲ ಇದು. ಬೇರೆ ಕತೆಗಾರರು ಪುಟಗಟ್ಟಲೆ ಪರಿಚಯ ಮಾಡಿಸಿಕೊಡಬೇಕಾದ ಪಾತ್ರವನ್ನು ನೀವು ಒಂದು ಸಾಲಿನಲ್ಲಿ ಎದುರಿಗೆ ನಿಲ್ಲಿಸಬಹುದು. ಆ ಅನುಕೂಲವನ್ನು ಉದ್ದುದ್ದ ಮಾತಿನಲ್ಲಿ ಕಳೆದುಕೊಳ್ಳಬೇಡಿ.

ನೋಡುತ್ತ ಬರೆದಿಡಿ

ಪಾತ್ರ ತನ್ನಂತೆಯೇ ನಡೆದುಕೊಳ್ಳಬೇಕು ಎಂಬುದು ಈ ಬಗೆಯ ಬರಹದ ಮೊದಲ ನಿಯಮ, ಓದುಗರು ಹಿಡಿಯುವ ಮೊದಲ ತಪ್ಪೂ ಅಲ್ಲಿಯದೇ. ಅದಕ್ಕೆ ಒಂದು ನೋಟ್‌ಬುಕ್ ಇರಲಿ. ಫೋನಿಗಿಂತ ಕಾಗದವೇ ವಾಸಿ, ನಮ್ಮೂರಿನ ಮಳೆಗಾಲದಲ್ಲಿ ಕರೆಂಟ್ ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಒಂದು ಪಾತ್ರಕ್ಕೆ ಒಂದು ಪುಟ. ಅವನು ಯಾರನ್ನು ಏನೆಂದು ಕರೆಯುತ್ತಾನೆ? ಸಿಟ್ಟು ಬಂದಾಗ ದನಿ ಏರುತ್ತದೆಯೋ, ಮೌನವಾಗುತ್ತಾನೋ? ಕೈ ಏನು ಮಾಡುತ್ತಿರುತ್ತದೆ? ಯಾವ ವಿಷಯ ಬಂದರೆ ಮಾತು ತಿರುಗಿಸುತ್ತಾನೆ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ನಿಮ್ಮ ಕತೆ ಅಡಗಿರುತ್ತದೆ ಎಂಬುದು ನಾನು ಕಂಡುಕೊಂಡದ್ದು.

ಸ್ವಾಮಿಯ ಪುಟ ತೆಗೆದರೆ ಮೊದಲು ಕಾಣುವುದು ಅವನ ಅಂಜಿಕೆ. ಅಪ್ಪನ ಅಂಜಿಕೆ, ಮಾಸ್ತರರ ಅಂಜಿಕೆ, ಕತ್ತಲೆಯ ಅಂಜಿಕೆ. ಅಜ್ಜಿಯ ಮಗ್ಗುಲಲ್ಲಿ ಮಾತ್ರ ಅವನು ಬಾಯಿ ತುಂಬ ಮಾತಾಡುತ್ತಾನೆ. ಅವನ ಗೆಳೆಯ ಮಣಿಯ ಪುಟದಲ್ಲಿ ರಟ್ಟೆಯ ಬಲ, ಪೊಲೀಸ್ ಅಧಿಕಾರಿಯ ಮಗ ರಾಜಂನ ಪುಟದಲ್ಲಿ ಒಪ್ಪವಾದ ಬಟ್ಟೆ, ಎದುರಿನವನನ್ನು ಅಳೆಯುವ ನೋಟ. ದೊಡ್ಡವನಾದ ಸ್ವಾಮಿಯನ್ನು ಬರೆಯಬೇಕೆಂದಿದ್ದರೆ ಆ ಅಂಜಿಕೆ ಅವನಲ್ಲಿ ಏನಾಗಿ ಉಳಿದಿದೆ ಎಂದು ಯೋಚಿಸಿ. ಅವನು ಧೀರನಾಗಿ ಬೆಳೆದು ಊರನ್ನೇ ಉಳಿಸುತ್ತಾನೆ ಎಂದು ಬರೆದರೆ ಹೆಸರು ಮಾತ್ರ ಸ್ವಾಮಿಯದು, ಮನುಷ್ಯ ಬೇರೆ.

ಯಾರ ಕನ್ನಡ?

ನಮ್ಮ ಭಾಗದವರಿಗೆ ಈ ತೊಡಕು ಬೇಗ ಎದುರಾಗುತ್ತದೆ. ಟಿವಿಯ ಹೆಚ್ಚಿನ ಧಾರಾವಾಹಿಗಳ ಮಾತು ಬೆಂಗಳೂರು, ಮೈಸೂರು ಕಡೆಯದು. ನಮ್ಮ ಬಾಯಲ್ಲಿ ಇರುವುದು ಧಾರವಾಡದ ಕನ್ನಡ. ಅಳ್ನಾವರದಲ್ಲಂತೂ ಅದಕ್ಕೆ ಉರ್ದು, ಮರಾಠಿ, ಕೊಂಕಣಿಯೂ ಬೆರೆತಿರುತ್ತದೆ. ಬೆಂಗಳೂರಿನ ಅತ್ತೆಯ ಬಾಯಲ್ಲಿ "ಹೌದ್ರೀ, ಬರ್ರಿ ಕೂಡ್ರಿ" ಅನ್ನಿಸಿದರೆ ಪಾತ್ರ ಅಲ್ಲೇ ಬಿದ್ದುಹೋಗುತ್ತದೆ. ಹಾಗೆಂದು ನಾವು ಆಡದ ಕನ್ನಡದಲ್ಲಿ ಪುಟಗಟ್ಟಲೆ ಸಂಭಾಷಣೆ ಬರೆದರೆ ಅದು ಟಿವಿಯಿಂದ ಕೇಳಿ ಇಳಿಸಿಕೊಂಡಂತೆ ಇರುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ನಿರೂಪಣೆಯನ್ನು ನಿಮ್ಮ ಧಾಟಿಯಲ್ಲಿಟ್ಟು, ಪಾತ್ರದ ಮಾತನ್ನು ಮಾತ್ರ ಅದರದೇ ಕನ್ನಡದಲ್ಲಿ, ಆದಷ್ಟು ಮೊಟಕಾಗಿ ಬರೆಯುವುದು ಒಂದು. ಇಡೀ ಕತೆಯನ್ನೇ ನಮ್ಮ ಸೀಮೆಗೆ ಎತ್ತಿ ತರುವುದು ಇನ್ನೊಂದು. 'ಮಾಲ್ಗುಡಿ ಡೇಸ್' ವಿಷಯದಲ್ಲಿ ನನಗೆ ಎರಡನೆಯದೇ ಸರಿಕಂಡಿತು. ಮಾಲ್ಗುಡಿ ಕಲ್ಪನೆಯ ಊರು, ಕತೆ ಇಂಗ್ಲಿಷಿನಲ್ಲಿ ಹುಟ್ಟಿ, ಹಿಂದಿಯಲ್ಲಿ ಮಾತಾಡಿ, ಮಲೆನಾಡಿನಲ್ಲಿ ಚಿತ್ರವಾಯಿತು. ತಾನಪ್ಪ ಧಾರವಾಡದ ಕನ್ನಡ ಆಡಿದರೆ ಯಾರ ಕಿವಿಗೂ ಒತ್ತುವುದಿಲ್ಲ. ಆದರೆ ಒಮ್ಮೆ ಹಿಡಿದ ಧಾಟಿಯನ್ನು ನಡುವೆ ಬಿಡಬಾರದು. ಒಂದು ಸಾಲಿನಲ್ಲಿ "ಹೋಗ್ತೇನಿ", ಮುಂದಿನ ಸಾಲಿನಲ್ಲಿ "ಹೋಗ್ತೀನಿ" ಆದರೆ ಓದುಗನ ಕಿವಿ ಥಟ್ಟನೆ ಹಿಡಿಯುತ್ತದೆ. ಬರೆದದ್ದನ್ನು ಗಟ್ಟಿಯಾಗಿ ಓದಿ, ಮನೆಯ ಹಿರಿಯರಿಗೆ ಕೇಳಿಸಿ. "ಹಿಂಗ ಯಾರೂ ಅನ್ನೂದಿಲ್ಲ" ಎಂದು ಅವ್ವ ತೆಗೆದ ತಪ್ಪು ನನಗೆ ಯಾವ ವ್ಯಾಕರಣಕ್ಕಿಂತಲೂ ಹೆಚ್ಚು ಕಲಿಸಿದೆ.

ಕಾಲ ತಪ್ಪದಿರಲಿ

ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರ ಪುಸ್ತಕ. ಅದರ ಕೊನೆಯಲ್ಲಿ ಅಪ್ಪನಿಗೆ ವರ್ಗವಾಗಿ ರಾಜಂ ರೈಲು ಹತ್ತಿ ಹೋಗುತ್ತಾನೆ. ಸ್ವಾಮಿ ಪ್ರೀತಿಯಿಂದ ತಂದ ಪುಸ್ತಕವನ್ನು ಅವನ ಕೈಗೆ ಮುಟ್ಟಿಸಲು ಪ್ಲಾಟ್‌ಫಾರಂ ಮೇಲೆ ಪಡುವ ಪಾಡು ಓದಿದವರಿಗೆ ಗೊತ್ತು. ದೊಡ್ಡವನಾದ ರಾಜಂ ಒಂದು ಮಳೆಗಾಲದ ರಾತ್ರಿ ಅಳ್ನಾವರ ಸ್ಟೇಷನ್ನಿನಲ್ಲಿ ಗಾಡಿ ತಪ್ಪಿ ಕೂತಿದ್ದಾನೆ ಎಂಬ ಕತೆ ನನ್ನ ತಲೆಯಲ್ಲಿ ಬಹಳ ದಿನ ಇತ್ತು. ಬರೆಯಲು ಕೂತಾಗ ಪ್ರಶ್ನೆಗಳು ಎದ್ದವು. ಇದು 1950 ಎಂದಾದರೆ ಧಾರವಾಡ ಜಿಲ್ಲೆ ಆಗ ಮುಂಬಯಿ ರಾಜ್ಯದಲ್ಲಿತ್ತು, ಏಕೀಕರಣ ಆದದ್ದು 1956ರ ನವೆಂಬರ್ 1ರಂದು. ರೈಲು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯದು, ದಕ್ಷಿಣ ರೈಲ್ವೆ ಹುಟ್ಟಿದ್ದು 1951ರ ಏಪ್ರಿಲ್‌ನಲ್ಲಿ. ಹಳಿ ಮೀಟರ್ ಗೇಜ್, ಲೋಂಡಾ ಮಾರ್ಗ ಬ್ರಾಡ್ ಗೇಜ್ ಆದದ್ದು 90ರ ದಶಕದಲ್ಲಿ. ಎಂಜಿನ್ನು ಉಗಿಯದು. ಅಳ್ನಾವರ ಆಗ ತಾಲ್ಲೂಕಲ್ಲ, ಧಾರವಾಡ ತಾಲ್ಲೂಕಿನ ಒಂದು ಊರು.

ಇವನ್ನೆಲ್ಲ ಕತೆಯಲ್ಲಿ ತುಂಬಬೇಕಿಲ್ಲ. ತುಂಬಿದರೆ ಅದು ಗೆಜೆಟಿಯರ್ ಆಗುತ್ತದೆ. ಗೊತ್ತಿದ್ದರೆ ಸಾಕು, ತಪ್ಪು ಬರುವುದಿಲ್ಲ. ಒಂದೋ ಎರಡೋ ವಿವರ ಆರಿಸಿ ಹತ್ತಿರದಿಂದ ತೋರಿಸಿ. ದಾಂಡೇಲಿ ಕಡೆಯ ಕಾಡಿನಿಂದ ಬಂದ ನಾಟಾ ತುಂಬಿದ ಗೂಡ್ಸ್ ಬೋಗಿ, ನೆನೆದ ಸಾಗುವಾನಿಯ ವಾಸನೆ. ರಾಜಂ ಕೂತದ್ದು ಅಳ್ನಾವರದಲ್ಲೇ ಎಂದು ಅಷ್ಟರಿಂದ ನಂಬಿಕೆ ಬರುತ್ತದೆ. ತಂತಿಯ ವಿಷಯದಲ್ಲೂ ಎಚ್ಚರ ಬೇಕು. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಇಂದಿನ ಕಾಲಕ್ಕೆ ತಾನಪ್ಪನನ್ನು ತಂದರೆ ಮುಚ್ಚಿಡಲು ಅವನ ಕೈಯಲ್ಲಿ ಏನೂ ಇರುವುದಿಲ್ಲ, ಸಾವಿನ ಸುದ್ದಿ ಅವನಿಗಿಂತ ಮೊದಲು ವಾಟ್ಸ್ಆ್ಯಪ್‌ನಲ್ಲಿ ಮನೆ ಸೇರಿರುತ್ತದೆ. ಆಗ ಕತೆಯೇ ಬೇರೆಯಾಗುತ್ತದೆ. ಅದನ್ನೂ ಬರೆಯಬಹುದು, ತಿಳಿದು ಬರೆಯಬೇಕು ಅಷ್ಟೇ.

ಹೊಸಬರನ್ನು ತರುವಾಗ

1973ರಲ್ಲಿ ಪೌಲಾ ಸ್ಮಿತ್ ಎಂಬ ಸ್ಟಾರ್ ಟ್ರೆಕ್ ಅಭಿಮಾನಿ ಒಂದು ಪುಟ್ಟ ಅಣಕ ಕತೆ ಬರೆದರು. ಹದಿನೈದೂವರೆ ವರ್ಷದ ಮೇರಿ ಸ್ಯೂ ಎಂಬ ಹುಡುಗಿ ಧಾರಾವಾಹಿಯ ಅಂತರಿಕ್ಷ ನೌಕೆಗೆ ಬಂದು, ಎಲ್ಲರ ಮನಗೆದ್ದು, ಎಲ್ಲ ಕೆಲಸವನ್ನೂ ತಾನೇ ಮಾಡಿ, ಎಲ್ಲರನ್ನೂ ಅಳಿಸಿ ಸಾಯುತ್ತಾಳೆ. ಅಭಿಮಾನಿಗಳ ಕತೆಗಳಲ್ಲಿ ಇಂಥ ಸರ್ವಗುಣಸಂಪನ್ನೆಯರು ತುಂಬಿಹೋಗಿದ್ದಕ್ಕೆ ಬಂದ ಅಣಕ ಅದು. ಮೆಚ್ಚಿದ ಲೋಕದೊಳಗೆ ತಾನೂ ಇರಬೇಕೆಂಬ ಆಸೆ ಸಹಜವಾದದ್ದೇ. ಆದರೆ ಆ ಹೊಸ ಪಾತ್ರದಿಂದಾಗಿ ಹಳೆಯವರು ಪೆದ್ದರಾಗಿ, ಮಂಕಾಗಿ ಕಂಡರೆ ಓದುಗ ಕತೆ ಮುಚ್ಚಿಡುತ್ತಾನೆ.

ಹೊಸ ಪಾತ್ರವನ್ನು ಹೇಗೆ ತರಬೇಕೆಂದು ಕಲಿಯಲು ನಾವು ದೂರ ಹೋಗಬೇಕಿಲ್ಲ. ಸ್ವಾಮಿಯ ಅಪ್ಪನಾಗಿ ನಟಿಸಿದ ಕಾರ್ನಾಡರೇ 'ಯಯಾತಿ' ಬರೆದರು, 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ಅಪ್ಪ ಯಯಾತಿಯ ಮುಪ್ಪನ್ನು ಮಗ ಪೂರು ತಾನು ಹೊತ್ತುಕೊಂಡ ಕತೆ ಮಹಾಭಾರತದಲ್ಲಿದೆ. ಆ ಮಗನ ಹೆಂಡತಿಯ ಗತಿ ಏನು? ಮೂಲದ ಆ ಪ್ರಸಂಗದಲ್ಲಿ ಅವಳ ಮಾತೇ ಇಲ್ಲ. ಕಾರ್ನಾಡರು ಅಲ್ಲಿ ಚಿತ್ರಲೇಖೆಯನ್ನು ತಂದರು. ಒಂದೇ ರಾತ್ರಿಯಲ್ಲಿ ಮುದುಕನಾದ ಗಂಡನನ್ನು ಕಂಡ ಆ ಹುಡುಗಿ ಯಯಾತಿಯ ಎದುರು ನಿಂತು ಕೇಳುತ್ತಾಳೆ. ಅವಳು ಬಂದದ್ದರಿಂದ ಯಯಾತಿಯೂ ಪೂರುವೂ ಇನ್ನಷ್ಟು ಸ್ಪಷ್ಟವಾದರು. ಹೊಸ ಪಾತ್ರ ಮಾಡಬೇಕಾದ ಕೆಲಸ ಇದು. ಕುವೆಂಪು ಅವರ ಮಂಥರೆ, ಎಸ್.ಎಲ್. ಭೈರಪ್ಪನವರ 'ಪರ್ವ' ಇವೆಲ್ಲ ಇದೇ ದಾರಿಯ ದೊಡ್ಡ ಸೃಷ್ಟಿಗಳು. ನಮ್ಮ ಭಾಗದ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಕಲಾವಿದರು ರುಕ್ಮಿಣಿ, ಸತ್ಯಭಾಮೆಯರ ಬಾಯಲ್ಲಿ ಆ ಹೊತ್ತಿಗೆ ಹೊಳೆದ ಮಾತು ಆಡಿಸುವುದನ್ನು ಬೆಳತನಕ ಕೂತು ಕೇಳಿದವರ ಊರು ನಮ್ಮದು. ಫ್ಯಾನ್ ಫಿಕ್ಷನ್ ಪರದೇಶದ ಚಾಳಿ ಎಂದು ಯಾರಾದರೂ ಮೂಗು ಮುರಿದರೆ ಇದನ್ನು ನೆನಪಿಸಿ.

ಕಾನೂನಿನ ಮಾತು

ಮಹಾಭಾರತಕ್ಕೆ ಹಕ್ಕುದಾರರಿಲ್ಲ, ಧಾರಾವಾಹಿಗೆ ಇದ್ದಾರೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಸಾಹಿತ್ಯ ಕೃತಿಗೆ ಬರೆದವರ ಆಯುಸ್ಸು ಮತ್ತು ಆಮೇಲೆ 60 ವರ್ಷ ರಕ್ಷಣೆ ಇದೆ. ಆರ್.ಕೆ. ನಾರಾಯಣ್ ತೀರಿಕೊಂಡದ್ದು 2001ರಲ್ಲಿ, ಹಾಗಾಗಿ ಅವರ ಕತೆಗಳ ಹಕ್ಕು 2061ರ ಕೊನೆಯವರೆಗೆ ಇರುತ್ತದೆ. ಕೃತಿಯನ್ನು ರೂಪಾಂತರಿಸುವ ಅಧಿಕಾರವೂ ಹಕ್ಕುದಾರರದೇ. ಖಾಸಗಿ ಬಳಕೆ, ವಿಮರ್ಶೆಯಂಥವಕ್ಕೆ 52ನೆಯ ಕಲಮಿನಲ್ಲಿ ಸಡಿಲಿಕೆ ಇದೆ. ಅಭಿಮಾನಿ ಕತೆಗೆಂದೇ ಹೆಸರಿಸಿ ಕೊಟ್ಟ ವಿನಾಯಿತಿ ಇಲ್ಲ.

1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬರಿಯ ಕಲ್ಪನೆಗೆ ಕೃತಿಸ್ವಾಮ್ಯ ಇಲ್ಲ, ಅದನ್ನು ಹೇಳಿದ ರೂಪಕ್ಕೆ ಇದೆ ಎಂದಿತು. ಪಾತ್ರಕ್ಕೇ ಹಕ್ಕು ಇರಬಹುದೇ ಎಂಬ ಪ್ರಶ್ನೆ 'ದಬಂಗ್' ಚಿತ್ರದ ಚುಲ್‌ಬುಲ್ ಪಾಂಡೆ ವಿಷಯದಲ್ಲಿ 2016ರಲ್ಲಿ ಬಾಂಬೆ ಹೈಕೋರ್ಟಿಗೆ ಬಂದಾಗ, ಅಂಥ ವಿಶಿಷ್ಟ ಪಾತ್ರಕ್ಕೆ ಹಕ್ಕು ಇರುತ್ತದೆ ಎಂಬ ಕಡೆಗೇ ನ್ಯಾಯಾಲಯ ಒಲವು ತೋರಿತು. ಹವ್ಯಾಸಿ ಮಾಡಬೇಕಾದದ್ದು ಇಷ್ಟು: ಧಾರಾವಾಹಿಯ ಸಂಭಾಷಣೆ ನಕಲು ಮಾಡಬೇಡಿ, ಪೋಸ್ಟರ್ ಮತ್ತು ಫೋಟೊ ಬಳಸಬೇಡಿ, ಕತೆಯಿಂದ ದುಡ್ಡು ಮಾಡಬೇಡಿ. ಮೂಲ ಯಾರದೆಂದು ಮೇಲೆಯೇ ಬರೆಯಿರಿ. ಅದರಿಂದ ಕಾನೂನಿನ ರಕ್ಷಣೆ ಸಿಗದು, ಆದರೂ ಅದು ನಮ್ಮ ಮರ್ಯಾದೆ. ಕಥಾಸ್ಪರ್ಧೆಗಳು, ದೀಪಾವಳಿ ವಿಶೇಷಾಂಕಗಳು ಸ್ವಂತ ಕತೆ ಕೇಳುತ್ತವೆ, ಅವಕ್ಕೆ ಇದನ್ನು ಕಳಿಸುವಂತಿಲ್ಲ.

ಇನ್ನೊಂದನ್ನು ಕಟುವಾಗಿಯೇ ಹೇಳುತ್ತೇನೆ. ಪಾತ್ರದ ಬಗ್ಗೆ ಬರೆಯಿರಿ, ನಟನಟಿಯರ ಬಗ್ಗೆ ಬೇಡ. ತೆರೆಯ ಮೇಲಿನ ಗಂಡ ಹೆಂಡತಿಯನ್ನು ನಿಜ ಬದುಕಿನಲ್ಲೂ ಜೋಡಿಮಾಡಿ ಕತೆ ಕಟ್ಟುವ ಚಟ ಹೆಚ್ಚಾಗಿದೆ. ಅವರಿಗೂ ಮನೆ, ಮಕ್ಕಳು ಇದ್ದಾರೆ.

ಟೈಪಿಂಗ್, ಓದುಗರು

ಡಿಟಿಪಿ ಅಂಗಡಿಯಲ್ಲಿ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಸಿದರೆ ಯೂನಿಕೋಡ್‌ಗೆ ಪರಿವರ್ತಿಸಿ ಕೊಡಲು ಹೇಳಿ, ಇಲ್ಲದಿದ್ದರೆ ಫೋನಿನಲ್ಲಿ ಅಕ್ಷರವೆಲ್ಲ ಗೋಜಲಾಗಿ ಕಾಣುತ್ತದೆ. ಜಿಬೋರ್ಡ್‌ನಂಥ ಕೀಲಿಮಣೆಯಲ್ಲಿ ನೇರವಾಗಿ ಯೂನಿಕೋಡ್ ಕನ್ನಡವೇ ಬರುತ್ತದೆ. ಹೇಳಿ ಬರೆಸುವ ಸೌಲಭ್ಯ ನಿರೂಪಣೆಗೆ ಚೆನ್ನಾಗಿ ಒದಗುತ್ತದೆ, ಧಾರವಾಡದ ಮಾತಿಗೆ ಒದಗುವುದಿಲ್ಲ. "ಬ್ಯಾಡ" ಎಂದರೆ "ಬೇಡ" ಎಂದು ತಾನೇ ತಿದ್ದುತ್ತದೆ. ಸಂಭಾಷಣೆಯನ್ನು ಕೈಯಿಂದಲೇ ಒತ್ತಿ.

ಓದಲು ಇಬ್ಬರಿಗೆ ಕೊಡಿ, ಧಾರಾವಾಹಿ ಬಾಯಿಪಾಠ ಇರುವವರೊಬ್ಬರು, ಒಂದು ಕಂತೂ ನೋಡದವರೊಬ್ಬರು. ಮೊದಲನೆಯವರು ಪಾತ್ರ ಎಲ್ಲಿ ತಪ್ಪಿತು ಎಂದು ಹೇಳುತ್ತಾರೆ. ಎರಡನೆಯವರಿಗೆ ಅರ್ಥವಾಗದ ಜಾಗದಲ್ಲಿ ಒಂದು ಸಾಲು ಸೇರಿಸಿದರೆ ಸಾಕಾಗುತ್ತದೆ. ಹೆಚ್ಚು ಜನಕ್ಕೆ ತಲುಪಿಸಬೇಕೆಂದರೆ 'ಆರ್ಕೈವ್ ಆಫ್ ಅವರ್ ಓನ್' ಕನ್ನಡದ ಕತೆಯನ್ನೂ ತೆಗೆದುಕೊಳ್ಳುತ್ತದೆ, ಅಲ್ಲಿ ವ್ಯಾಪಾರಕ್ಕೆ ಅವಕಾಶವಿಲ್ಲ. ಬೆಂಗಳೂರಿನ 'ಪ್ರತಿಲಿಪಿ' ತಾಣದಲ್ಲಿ ಕನ್ನಡದ ಓದುಗರು ಹೇರಳ. ಹಾಕುವ ಮೊದಲು ಅವರ ನಿಯಮ ಓದಿ, ಹಣ ಬರುವ ಯೋಜನೆಗಳಿಂದ ಈ ಕತೆಗಳನ್ನು ಹೊರಗಿಡಿ.

ಎಲ್ಲಿಂದ ಶುರುಮಾಡಲಿ ಎನ್ನುವವರಿಗೆ 'ಮಾಲ್ಗುಡಿ ಡೇಸ್'ನಲ್ಲೇ ಮೂರು ಸಂದುಗಳನ್ನು ತೋರಿಸುತ್ತೇನೆ. ಅಪ್ಪನ ಹಟಕ್ಕೆ ಸ್ವಾಮಿ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗಿ, ಕಳ್ಳನ ಕಾಲು ಕಚ್ಚಿ ಹಿಡಿದ ರಾತ್ರಿಯಿದೆ. ಅಂದು ನಿದ್ದೆ ಬಾರದೆ ಹೊರಳಾಡಿದ ಅವನ ತಾಯಿಯ ಕಡೆಯಿಂದ ಅದೇ ರಾತ್ರಿಯನ್ನು ಬರೆಯಿರಿ. 'ಲಾಲಿ ರೋಡ್'ನಲ್ಲಿ ಫ್ರೆಡರಿಕ್ ಲಾಲಿಯ ಪ್ರತಿಮೆಯನ್ನು ದುಷ್ಟನದೆಂದು ಕೆಡವಿದ ಮೇಲೆ ಅವನು ಊರಿಗೆ ಉಪಕಾರ ಮಾಡಿದವನೆಂದು ತಿಳಿಯುತ್ತದೆ. ಪುರಸಭೆಯಲ್ಲಿ ರಸ್ತೆಗಳ ಹೊಸ ಹೆಸರಿನ ಫಲಕ ಬರೆದ ಪೇಂಟರನ ಕಡೆಯಿಂದ ಅದನ್ನು ನೋಡಿ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಪುಟ್ಟ ಲೀಲಾಳ ಜೊತೆಗಾರ ಸಿದ್ದನದು. ಚಿನ್ನದ ಸರ ಕದ್ದನೆಂದು ಅವನನ್ನು ಪೊಲೀಸರಿಗೆ ಒಪ್ಪಿಸುತ್ತಾರೆ, ಆಮೇಲೆ ಸರ ಹುಣಸೆಹಣ್ಣಿನ ಗಡಿಗೆಯಲ್ಲಿ ಸಿಗುತ್ತದೆ. ಅಷ್ಟಾದರೂ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗುತ್ತಿರಲಿಲ್ಲ ಎಂದು ಲೀಲಾಳ ಅಪ್ಪ ಹೇಳಿ ಮುಗಿಸುತ್ತಾರೆ. ಬಿಡುಗಡೆಯಾದ ಸಿದ್ದ ಎಲ್ಲಿಗೆ ಹೋದ, ಯಾವ ಊರಿನಲ್ಲಿ ಇಳಿದ, ಅಲ್ಲಿ ಕೆಲಸ ಕೇಳಿದಾಗ "ಹಿಂದ ಎಲ್ಲಿದ್ದಿ?" ಎಂಬ ಪ್ರಶ್ನೆಗೆ ಏನು ಉತ್ತರ ಕೊಟ್ಟ ಎಂಬುದು ಕತೆಯಲ್ಲಿ ಬಂದಿಲ್ಲ. ಆ ಉತ್ತರದಿಂದಲೇ ನಿಮ್ಮ ಮೊದಲ ಸಾಲು ಬರೆಯಿರಿ.